ಅಂತೇವಾಸಿಯೂ ಪೂರ್ತಧರ್ಮವೂ: ಪರದೇಶಗಳಲ್ಲಿ ಇಂಜಿನಿಯರ್ ವಿದ್ಯಾರ್ಥಿಗಳ ಸೇವಾಶಿಕ್ಷಣ

ಯೂರೋಪು ಅಮೆರಿಕಗಳ ವಿಶ್ವವಿದ್ಯಾನಿಲಯಗಳಲ್ಲಿ ಇಂಜಿನಿಯರ್ ವಿದ್ಯೆಯನ್ನು ವ್ಯಾಸಂಗಮಾಡುವ ತರುಣರಲ್ಲಿ ಕೆಲವರು ತಮ್ಮ ದೇಶವನ್ನು ಬಿಟ್ಟು ಹೋಗಿ, ದೂರದ ಬಡ ಗ್ರಾಮಗಳಲ್ಲಿಯೂ ಧರ್ಮಸಂಸ್ಥೆಗಳಲ್ಲಿಯೂ ಕೆಲವು ಕಾಲ ನಿಂತು, ಅಲ್ಲಿಯ ಜನರಿಗೆ ಬೇಕಾದ ನೀರಿನ ಏರ್ಪಾಡು, ಸೇತುವೆ, ಪಾಠಶಾಲೆ, ಚಿಕಿತ್ಸಾಲಯ, ಉಪಕರಣಗಳು ಇವುಗಳ ವಿನ್ಯಾಸವನ್ನು ರಚಿಸಿಕೊಡುವ ಪದ್ಧತಿಯು ಈಗ ಚೆನ್ನಾಗಿ ಬೇರೂರಿದೆ. ಹೀಗೆ ಹೋಗುವ ವಿದ್ಯಾರ್ಥಿಯನ್ನು ಇಂಗ್ಲಿಷಿನಲ್ಲಿ ‘ಇಂಟರ್ನ್’ ಎಂದು ಕರೆಯುತ್ತಾರೆ. ಕನ್ನಡದ ಪತ್ರಿಕೆಗಳೂ ಪಾಠಶಾಲೆಗಳೂ ಆ ಮಾತನ್ನೇ ಹಾಗೆಯೇ ಬಳಸುತ್ತಿವೆ. ಈ ಪದ್ಧತಿಯು ಯಾವುದು, ಅದು ಹೇಗೆ ನಡೆಯುತ್ತದೆ, ಯಾವಾಗ ಸಫಲವಾಗುತ್ತದೆ, ಯಾವಾಗ ನಿಷ್ಫಲವಾಗುತ್ತದೆ ಎಂಬುದನ್ನು ಇಲ್ಲಿ ವಿವೇಚಿಸಲಾಗುವುದು. ಇದಕ್ಕೆ ಮೊದಲು ಶಬ್ದವಿಚಾರವು ಅವಶ್ಯಕ. ಏಕೆಂದರೆ ಹೆಸರಿನಲ್ಲಿಯೇ ಇಲ್ಲಿ ಧರ್ಮವು ಅಡಗಿದೆ.

೧. ಶಬ್ದವಿಚಾರ

‘ಇಂಟರ್ನ್’ ಎಂಬುದಕ್ಕೆ ಮೂಲವಾದ ಲ್ಯಾಟಿನ್ ಶಬ್ದಕ್ಕೆ ‘ಒಳಗಿನವನು’ ಎಂದರ್ಥ. ಫ್ರೆಂಚರು ಆಸ್ಪತ್ರೆಯ ಒಳಗೇ ವಾಸಮಾಡುತ್ತ ವೈದ್ಯವನ್ನು ಕಲಿಯುವವನಿಗೆ ಈ ಹೆಸರನ್ನು ಕೊಟ್ಟರು. ಅಲ್ಲಿಂದ ಅದು ಇತರ ವಿದ್ಯೆಗಳಿಗೂ ಹಬ್ಬಿತು. ಸಂಸ್ಕೃತದಲ್ಲಿ ಇದಕ್ಕೆ ಸಮನಾದ ಶಬ್ದವು ‘ಅಂತೇವಾಸಿ’. ಅಂತ ಎಂದರೆ ಸಮೀಪ, ಅಂಚು. ಅಲ್ಲಿ ವಾಸಿಸುವವನು ಅಂತೇವಾಸಿ. ಸಪ್ತಮೀ ವಿಭಕ್ತಿಯು ಲೋಪವಾಗದೆ ಉಳಿದಿರುವುದರಿಂದ ಇದು ಅಲುಕ್ ಸಮಾಸಕ್ಕೆ ಉದಾಹರಣೆ. ತೈತ್ತಿರೀಯೋಪನಿಷತ್ತಿನ ಶೀಕ್ಷಾವಲ್ಲಿಯಲ್ಲಿ ಆಚಾರ್ಯನನ್ನು ಪೂರ್ವವರ್ಣಕ್ಕೂ ಅಂತೇವಾಸಿಯನ್ನು ಉತ್ತರವರ್ಣಕ್ಕೂ ವಿದ್ಯೆಯನ್ನು ಸಂಧಿಗೂ ಹೋಲಿಸಿರುವುದು ಪ್ರಸಿದ್ಧವಾಗಿದೆ. ಅಮರಸಿಂಹನು ಈ ಶಬ್ದವನ್ನು ಶಿಷ್ಯಪರ್ಯಾಯಗಳಲ್ಲಿ ಸೇರಿಸಿದ್ದಾನೆ.

ಆದರೆ ಧರ್ಮಶಾಸ್ತ್ರದಲ್ಲಿ ಶಿಷ್ಯನಿಗೂ ಅಂತೇವಾಸಿಗೂ ಭೇದವುಂಟು. ನಾರದಸ್ಮೃತಿಯ ಅಭ್ಯುಪೇತ್ಯಾಶುಶ್ರೂಷಾ ಪ್ರಕರಣದಲ್ಲಿ, ವೇದವಿದ್ಯೆಗಾಗಿ ಗುರುವನ್ನು ಸೇರಿದವನು ಶಿಷ್ಯ, ಶಿಲ್ಪವನ್ನು ಕಲಿಯಲು ಸೇರಿದವನು ಅಂತೇವಾಸಿ ಎಂದು ವಿಭಾಗಿಸಲ್ಪಟ್ಟಿದೆ. ಅಂತೇವಾಸಿಯು ಬಂಧುಗಳ ಅನುಮತಿಯನ್ನು ಪಡೆದು, ಎಷ್ಟು ಕಾಲವೆಂದು ನಿಶ್ಚಯಿಸಿಕೊಂಡು, ಗುರುವಿನ ಮನೆಯಲ್ಲಿ ವಾಸಮಾಡತಕ್ಕದ್ದು. ಗುರುವು ಅವನಿಗೆ ಅನ್ನವನ್ನು ಕೊಟ್ಟು, ಮಗನಂತೆ ನಡೆಸಿಕೊಂಡು, ಒಪ್ಪಿದ ಶಿಲ್ಪವನ್ನೇ ಕಲಿಸಬೇಕಲ್ಲದೆ ಬೇರೆ ಚಾಕರಿಯನ್ನು ಮಾಡಿಸಕೂಡದು. ಯಾಜ್ಞವಲ್ಕ್ಯನು ಇನ್ನೊಂದು ನಿಯಮವನ್ನು ಹೇಳುತ್ತಾನೆ: ವಿದ್ಯೆಯು ಬೇಗ ಬಂದರೂ ಒಪ್ಪಿದ ಕಾಲವು ತೀರುವವರೆಗೆ ಅವನು ಅಲ್ಲಿಯೇ ಇರಬೇಕು, ಆ ಅವಧಿಯಲ್ಲಿ ಅವನು ಮಾಡಿದ ಕೆಲಸದ ಫಲವು ಗುರುವಿಗೆ ಸೇರತಕ್ಕದ್ದು. ಚಾಳುಕ್ಯರ ಕಲ್ಯಾಣದಲ್ಲಿ ಕುಳಿತು ಈ ಸ್ಮೃತಿಗೆ ಮಿತಾಕ್ಷರೆಯನ್ನು ಬರೆದ ವಿಜ್ಞಾನೇಶ್ವರನು, ಶಿಲ್ಪವೆಂದರೆ ಆಯುರ್ವೇದವೇ ಮೊದಲಾದುವೆಂದು ಅರ್ಥವನ್ನು ವಿಸ್ತರಿಸಿದ್ದಾನೆ. ಆದುದರಿಂದ ಇಂಜಿನಿಯರ್ ವಿದ್ಯೆಯನ್ನು ಶಿಲ್ಪದಲ್ಲಿ ಸೇರಿಸುವುದಕ್ಕೆ ಯಾವ ಅಡ್ಡಿಯೂ ಇಲ್ಲ.

ಈ ನಿಯಮಗಳಿಂದ ಮೂರು ಅಂಶಗಳು ತೇಲುತ್ತವೆ. ಅಂತೇವಾಸಿಯು ಪರರ ಮನೆಯಲ್ಲಿ ಇರುವವನು, ಕಾಲನಿಯಮಕ್ಕೆ ಕಟ್ಟುಬಿದ್ದವನು, ತನ್ನ ಶ್ರಮದ ಫಲವನ್ನು ಆ ಮನೆಗೆ ಬಿಟ್ಟು ಹೋಗುವವನು. ಅವನು ದಾನಿಯಲ್ಲ, ಋಣಿ. ಮುಂದಿನ ವಿಚಾರಕ್ಕೆಲ್ಲ ಇದೇ ಒರೆಗಲ್ಲು.

೨. ಪೂರ್ತಧರ್ಮ

ಧರ್ಮಾರ್ಥವಾಗಿ ಕಟ್ಟಡಗಳನ್ನು ಕಟ್ಟುವುದಕ್ಕೆ ಶಾಸ್ತ್ರದಲ್ಲಿ ಪೂರ್ತವೆಂದು ಹೆಸರು. ಯಜ್ಞಾದಿಗಳು ಇಷ್ಟ, ಬಾವಿ, ಕೆರೆ, ದೇವಾಲಯ, ಉದ್ಯಾನ, ಅನ್ನದಾನ ಇವು ಪೂರ್ತ. ಇದರಲ್ಲಿ ಶ್ರದ್ಧೆಯಷ್ಟೇ ಸಾಲದು, ಶಾಸ್ತ್ರವೂ ಬೇಕೆಂಬುದನ್ನು ಹಿಂದಿನವರು ಅರಿತಿದ್ದರು. ಕಡಪ ಜಿಲ್ಲೆಯ ಪೋರುಮಾಮಿಳ್ಳದಲ್ಲಿ ಬುಕ್ಕರಾಯನ ಮಗನಾದ ಭಾಸ್ಕರನು ಕಟ್ಟಿಸಿದ ಕೆರೆಯ ಬಳಿ ಕ್ರಿ. ಶ. ೧೩೬೯ರ ಸಂಸ್ಕೃತ ಶಾಸನವೊಂದಿದೆ. ಸಾವಿರ ಆಳುಗಳೂ ನೂರು ಬಂಡಿಗಳೂ ಎರಡು ವರ್ಷ ದುಡಿದು ಆ ಕಟ್ಟೆಯು ಮುಗಿಯಿತೆಂದು ಅದು ಹೇಳುತ್ತದೆ. ಕೆರೆಗೆ ಹನ್ನೆರಡು ಸಾಧನಗಳನ್ನು ಅಲ್ಲಿ ಎಣಿಸಿದೆ. ಧರ್ಮವಂತನಾದ ದೊರೆ, ಜಲಶಾಸ್ತ್ರವನ್ನು ಬಲ್ಲ ವಿದ್ವಾಂಸ, ಗಟ್ಟಿಯಾದ ನೆಲ, ಕಟ್ಟೆಯ ಕೆಲಸದಲ್ಲಿ ನುರಿತ ಜನ ಇವರೆಲ್ಲರೂ ಅದರಲ್ಲಿದ್ದಾರೆ. ಆರು ದೋಷಗಳನ್ನೂ ಹೇಳಿದೆ. ಕಟ್ಟೆಯಿಂದ ನೀರು ಒಸರುವುದು, ಚೌಳು ಮಣ್ಣು, ಕೆರೆಯಂಗಳದ ನಡುವೆ ದಿಬ್ಬ, ನೆಲ ಹೆಚ್ಚಾಗಿ ನೀರು ಕಡಮೆ, ನೀರು ಹೆಚ್ಚಾಗಿ ನೆಲ ಕಡಮೆ ಇವು ಐದು. ಉಳಿದ ಒಂದು ವಿಚಿತ್ರವಾದುದು: ಎರಡು ರಾಜ್ಯಗಳ ಗಡಿಯಲ್ಲಿ ಕೆರೆಯಿರುವುದು. ಮಣ್ಣಿಗೂ ನೀರಿಗೂ ಸಂಬಂಧಿಸದ ಈ ದೋಷವು ಮನುಷ್ಯರಿಗೆ ಸಂಬಂಧಿಸಿದುದು. ಗಡಿಯ ಕೆರೆಗೆ ಒಡೆಯನು ಯಾರೆಂಬುದು ತಿಳಿಯದು. ಕಟ್ಟೆಯು ಬಿರಿದಾಗ ಮಣ್ಣು ಹೊರುವವರಾರು?

ಪರದೇಶದಿಂದ ಬಂದವರು ರಚಿಸಿ, ಪರದೇಶದ ಹಣದಿಂದ ಕಟ್ಟಿ, ಸ್ಥಳದ ಜನರಿಗೆ ಒಪ್ಪಿಸಿ ಹೋಗುವ ಪ್ರತಿಯೊಂದು ಪೂರ್ತವೂ ಈ ಅರ್ಥದಲ್ಲಿ ಎರಡು ರಾಜ್ಯಗಳ ಗಡಿಯಲ್ಲಿದೆ. ಈ ದೋಷವನ್ನು ಹೇಗೆ ಪರಿಹರಿಸಬೇಕೆಂಬುದೇ ಈ ಪದ್ಧತಿಯ ಮುಖ್ಯ ಪ್ರಶ್ನೆ.

೩. ಪದ್ಧತಿಯ ಉದಯ ಮತ್ತು ಕ್ರಮ

‘ಗಡಿಗಳಿಲ್ಲದ ಇಂಜಿನಿಯರುಗಳು’ ಎಂಬ ಅರ್ಥದ ಹೆಸರುಳ್ಳ ಸಂಸ್ಥೆಯು ೧೯೮೨ರಲ್ಲಿ ಫ್ರಾನ್ಸ್ ದೇಶದಲ್ಲಿ ಹುಟ್ಟಿತು. ಕೆನಡಾದಲ್ಲಿ ಅದೇ ಹೆಸರಿನ ಸಂಸ್ಥೆಯು ೨೦೦೦ದಲ್ಲಿ ಸ್ಥಾಪಿತವಾಯಿತು. ಅಮೆರಿಕದ ಸಂಸ್ಥೆಯ ಉತ್ಪತ್ತಿಯು ಹೆಚ್ಚು ಬೋಧಪ್ರದವಾಗಿದೆ. ಕೊಲರಾಡೊ ವಿಶ್ವವಿದ್ಯಾನಿಲಯದಲ್ಲಿ ಸಿವಿಲ್ ಇಂಜಿನಿಯರಿಂಗ್ ಅಧ್ಯಾಪಕರಾದ ಬರ್ನಾರ್ಡ್ ಅಮಾಡೆ ಎಂಬವರನ್ನು ೨೦೦೦ದಲ್ಲಿ ಮಧ್ಯ ಅಮೆರಿಕದ ಬೆಲೀಜ್ ದೇಶದ ಸ್ಯಾನ್ ಪಾಬ್ಲೊ ಎಂಬ ಸಣ್ಣ ಹಳ್ಳಿಗೆ ಆಹ್ವಾನಿಸಿದರು. ಅಲ್ಲಿ ವಿದ್ಯುತ್ತಾಗಲಿ ನಲ್ಲಿಯ ನೀರಾಗಲಿ ಇರಲಿಲ್ಲ. ಹೆಣ್ಣುಮಕ್ಕಳು ಹೊಳೆಯಿಂದ ನೀರು ಹೊರುತ್ತಿದ್ದುದರಿಂದ ಶಾಲೆಗೆ ಹೋಗಲಾರದೆ ಇದ್ದರು. ಅಮಾಡೆಯವರು ಮರುವರ್ಷ ಎಂಟು ಮಂದಿ ವಿದ್ಯಾರ್ಥಿಗಳೊಡನೆ ಹಿಂದಿರುಗಿ, ಸಮೀಪದ ಜಲಪಾತದ ಬಲದಿಂದಲೇ ನಡೆಯುವ ನೀರೆತ್ತುವ ಯಂತ್ರವನ್ನು ಜನರೊಡನೆ ಸೇರಿ ಸ್ಥಾಪಿಸಿದರು. ಇದರಿಂದ ೨೦೦೨ರಲ್ಲಿ ಅಮೆರಿಕದ ಸಂಸ್ಥೆಯು ರೂಪುಗೊಂಡಿತು.

ಇಲ್ಲಿ ಗಮನಿಸತಕ್ಕ ವಿಷಯವೆಂದರೆ, ಇಂಜಿನಿಯರನ ಕಣ್ಣಿಗೆ ಕಂಡ ಕೊರತೆಯು ನೀರು. ಜನರ ಬಾಳಿನಲ್ಲಿದ್ದ ಕೊರತೆಯು ಹೆಣ್ಣುಮಕ್ಕಳ ವಿದ್ಯೆ. ಯಂತ್ರವು ಮೊದಲನೆಯದನ್ನು ನೀಗಿಸಲು ಸ್ಥಾಪಿತವಾದರೂ ಅದರ ಪ್ರಯೋಜನವನ್ನು ಅಳೆಯಬೇಕಾದುದು ಎರಡನೆಯದರಿಂದ.

ಕೆಲಸದ ಕ್ರಮವು ಸಾಮಾನ್ಯವಾಗಿ ಹೀಗಿರುತ್ತದೆ. ಮೊದಲು ಗ್ರಾಮದವರಾಗಲಿ ಧರ್ಮಸಂಸ್ಥೆಯವರಾಗಲಿ ಸಹಾಯವನ್ನು ಕೇಳುತ್ತಾರೆ. ಅನಂತರ ಅನುಭವಿಗಳಾದ ಇಂಜಿನಿಯರುಗಳೊಡನೆ ವಿದ್ಯಾರ್ಥಿಗಳು ಹೋಗಿ ನೆಲವನ್ನು ಅಳೆಯುತ್ತಾರೆ. ಮಣ್ಣನ್ನೂ ನೀರನ್ನೂ ಪರೀಕ್ಷಿಸುತ್ತಾರೆ. ಜನಸಂಖ್ಯೆ, ಮಳೆಯ ಪ್ರಮಾಣ, ದೊರೆಯುವ ಸಾಮಗ್ರಿ, ಅಲ್ಲಿಯ ಗಾರೆಯವರ ಮತ್ತು ಬಡಗಿಗಳ ನೈಪುಣ್ಯ ಇವುಗಳನ್ನು ವಿಚಾರಿಸುತ್ತಾರೆ. ಬಳಿಕ ನಕಾಶೆಗಳೂ ವೆಚ್ಚದ ಅಂದಾಜೂ ಸಿದ್ಧವಾಗುತ್ತವೆ. ಪರಿಣತರು ಅವನ್ನು ತಿದ್ದಿದ ಮೇಲೆಯೇ ಕಟ್ಟುವ ಕೆಲಸವು ಮೊದಲಾಗುತ್ತದೆ. ಕಟ್ಟಿ ಮುಗಿದ ಮೇಲೆ ಮತ್ತೆ ಹೋಗಿ, ಅದು ನಡೆಯುತ್ತಿದೆಯೇ ಇಲ್ಲವೇ ಎಂದು ನೋಡುವುದೂ ಉಂಟು. ಅಮೆರಿಕದ ಸಂಸ್ಥೆಯು ಒಂದು ಗ್ರಾಮವನ್ನು ಕೈಹಿಡಿದರೆ ಕಡೆಗೆ ಐದು ವರ್ಷವಾದರೂ ಬಿಡಕೂಡದೆಂದು ವಿಧಿಸಿದೆ. ಒಬ್ಬ ವಿದ್ಯಾರ್ಥಿಯು ಬೇಸಗೆಯ ರಜೆಯಲ್ಲಿ ಬಂದು ಹೋದರೂ ಅವನ ಸ್ಥಾನಕ್ಕೆ ಮತ್ತೊಬ್ಬನು ಬರುತ್ತಾನೆ. ಒಪ್ಪಂದವು ವ್ಯಕ್ತಿಗಲ್ಲ, ಪರಂಪರೆಗೆ. ಯಾಜ್ಞವಲ್ಕ್ಯನ ಕಾಲನಿಯಮವು ಬೇರೊಂದು ರೂಪದಲ್ಲಿ ಇಲ್ಲಿ ತೋರುತ್ತದೆ.

ಇದರಿಂದ ಅಂತೇವಾಸಿಗೆ ಇಬ್ಬರು ಗುರುಗಳೆಂಬುದು ಸ್ಪಷ್ಟವಾಗುತ್ತದೆ. ಶಾಸ್ತ್ರಗುರುವು ಪರಿಣತನಾದ ಇಂಜಿನಿಯರ್. ಅವನಿಲ್ಲದಿದ್ದರೆ ವಿದ್ಯಾರ್ಥಿಯು ಕಟ್ಟಿದ ಸೇತುವೆಯು ಜನರ ಪ್ರಾಣಕ್ಕೇ ಎರವಾಗಬಹುದು. ಎರಡನೆಯ ಗುರುವು ಆ ಸ್ಥಳದ ಜನ. ಮೊದಲನೆಯ ಗುರುವನ್ನು ಎಲ್ಲರೂ ಒಪ್ಪುತ್ತಾರೆ. ಎರಡನೆಯ ಗುರುವನ್ನು ಮರೆಯುವುದು ಸುಲಭ. ಮುಂದಿನ ಎರಡು ದೃಷ್ಟಾಂತಗಳು ಆ ಗುರುವಿನ ಪಾಠವನ್ನು ತೋರಿಸುತ್ತವೆ.

೪. ಸನ್ನೆಗೋಲಿನ ಗಾಲಿಕುರ್ಚಿ

ಅಮೆರಿಕದ ಮ್ಯಾಸಚೂಸೆಟ್ಸ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯಲ್ಲಿ ವ್ಯಾಸಂಗಮಾಡುತ್ತಿದ್ದ ಏಮಸ್ ವಿಂಟರ್ ಎಂಬ ತರುಣನು ೨೦೦೫ರ ಬೇಸಗೆಯಲ್ಲಿ ಪೂರ್ವ ಆಫ್ರಿಕದ ಟಾಂಜಾನಿಯಾಕ್ಕೆ ಹೋಗಿ, ಅಲ್ಲಿ ನಡೆಯಲಾರದವರು ಬಳಸುವ ಗಾಲಿಕುರ್ಚಿಗಳ ಸ್ಥಿತಿಯನ್ನು ಪರಿಶೀಲಿಸಿದನು. ಆಸ್ಪತ್ರೆಯ ನುಣುಪು ನೆಲಕ್ಕಾಗಿ ಮಾಡಿದ ಕುರ್ಚಿಯು ಕಲ್ಲು ಮರಳುಗಳ ಹಾದಿಯಲ್ಲಿ ಸಾಗದು. ಕೈಯಿಂದ ತಿರುಗಿಸುವ ಮೂರು ಗಾಲಿಯ ಬಂಡಿಯು ಹಾದಿಯಲ್ಲಿ ಸಾಗಿದರೂ ಗಾತ್ರದ ದೆಸೆಯಿಂದ ಮನೆಯೊಳಕ್ಕೆ ಬಾರದು. ಹೀಗಿರಲು, ಶಾಲೆಯೋ ಸಂತೆಯೋ ಕೆಲವು ಮೈಲಿ ದೂರವಿದ್ದರೆ ಅಂಗವಿಕಲನಿಗೆ ಅದು ಇಲ್ಲದಂತೆಯೇ ಸರಿ.

ವಿಂಟರನೂ ಅವನ ಜೊತೆಗಾರರೂ ಕಂಡುಕೊಂಡ ಉಪಾಯವು ಸನ್ನೆಗೋಲು. ಕುರ್ಚಿಯ ಎರಡು ಪಕ್ಕಗಳಲ್ಲಿಯೂ ಉದ್ದವಾದ ಒಂದೊಂದು ಕೋಲಿದ್ದು, ಅದನ್ನು ಮುಂದಕ್ಕೆ ತಳ್ಳಿದರೆ ಸೈಕಲ್ಲಿನ ಸರಪಳಿಯ ಮೂಲಕ ಗಾಲಿಯು ತಿರುಗುತ್ತದೆ. ಕೋಲಿನ ಮೇಲ್ತುದಿಯನ್ನು ಹಿಡಿದರೆ ಬಲವು ಹೆಚ್ಚಿ ಏರನ್ನೂ ಕೆಸರನ್ನೂ ದಾಟಬಹುದು. ಕೆಳಗೆ ಹಿಡಿದರೆ ಬಲವು ಕುಗ್ಗಿ ವೇಗವು ಹೆಚ್ಚುತ್ತದೆ. ಸೈಕಲ್ಲಿನಲ್ಲಿ ಹಲ್ಲುಚಕ್ರಗಳನ್ನು ಬದಲಾಯಿಸುವ ಕೆಲಸವನ್ನು ಇಲ್ಲಿ ಕೈಯ ಸ್ಥಾನವೇ ಮಾಡುತ್ತದೆ. ಮನೆಯನ್ನು ಸೇರಿದ ಮೇಲೆ ಕೋಲುಗಳನ್ನು ಕಳಚಿಟ್ಟರೆ ಅದು ಸಾಮಾನ್ಯ ಗಾಲಿಕುರ್ಚಿಯಾಗುತ್ತದೆ. ಚಲಿಸುವ ಭಾಗಗಳೆಲ್ಲ ಸೈಕಲ್ಲಿನವೇ ಆದುದರಿಂದ ಯಾವ ಹಳ್ಳಿಯ ಸೈಕಲ್ ರಿಪೇರಿಯವನಾದರೂ ಅದನ್ನು ಸರಿಪಡಿಸಬಲ್ಲನು. ಗಡಿಯ ಕೆರೆಯ ದೋಷವು ವಿನ್ಯಾಸದಲ್ಲಿಯೇ ಪರಿಹೃತವಾದ ಬಗೆಯಿದು.

ಆದರೂ ಮೊದಲ ಮಾದರಿಯು ನಿರ್ದುಷ್ಟವಾಗಿರಲಿಲ್ಲ. ೨೦೦೯ರಲ್ಲಿ ಪೂರ್ವ ಆಫ್ರಿಕದ ಜನರು ಅದನ್ನು ಬಳಸಿ ನೋಡಿ, ತೂಕವೂ ಅಗಲವೂ ಹೆಚ್ಚೆಂದೂ ಮನೆಯೊಳಗೆ ತೊಡಕಾಗುವುದೆಂದೂ ಹೇಳಿದರು. ಅವರ ಮಾತಿನಂತೆ ತಿದ್ದಿದ ಕುರ್ಚಿಯನ್ನು ಮರುವರ್ಷ ಗ್ವಾಟೆಮಾಲಾದಲ್ಲಿಯೂ, ಅನಂತರ ಭಾರತದಲ್ಲಿ ಜಯಪುರದ ಭಗವಾನ್ ಮಹಾವೀರ ವಿಕಲಾಂಗ ಸಹಾಯತಾ ಸಮಿತಿಯ ಸಹಕಾರದಿಂದಲೂ ಪರೀಕ್ಷಿಸಿದರು. ೧೯೭೫ರಲ್ಲಿ ಸ್ಥಾಪಿತವಾದ ಈ ಸಮಿತಿಯು ಜಯಪುರದ ಕೃತಕ ಪಾದವನ್ನು ಬಡವರಿಗೆ ಬೆಲೆಯಿಲ್ಲದೆ ಒದಗಿಸಿ ಲೋಕಪ್ರಸಿದ್ಧವಾಗಿದೆ. ಯಂತ್ರಶಾಸ್ತ್ರವನ್ನು ವಿಶ್ವವಿದ್ಯಾನಿಲಯವು ಕಲಿಸಿತು. ಬಾಗಿಲಿನ ಅಗಲವನ್ನು ಕಲಿಸಿದವರು ಆ ಬಾಗಿಲೊಳಗೆ ಬಾಳುವವರು.

೫. ಶಿಶುವಿನ ಕಾವು

ಎರಡನೆಯ ದೃಷ್ಟಾಂತಕ್ಕೆ ಕನ್ನಡನಾಡಿನ ಸಂಬಂಧವೂ ಇದೆ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದಲ್ಲಿ, ಕಡುಬಡವರಿಗೂ ಎಟಕುವ ಬೆಲೆಯ ವಸ್ತುಗಳ ವಿನ್ಯಾಸವನ್ನು ಕಲಿಸುವ ತರಗತಿಯೊಂದುಂಟು. ೨೦೦೭ರಲ್ಲಿ ಆ ತರಗತಿಯ ಒಂದು ತಂಡಕ್ಕೆ, ದಿನತುಂಬದೆ ಹುಟ್ಟಿದ ಶಿಶುಗಳನ್ನು ಬೆಚ್ಚಗಿಡುವ ‘ಇನ್‌ಕ್ಯುಬೇಟರ್’ ಎಂಬ ಪೆಟ್ಟಿಗೆಯನ್ನು ಅಗ್ಗವಾಗಿ ಮಾಡಬೇಕೆಂಬ ಕೆಲಸವು ಬಂತು. ತಂಡದವರಲ್ಲೊಬ್ಬನು ನೇಪಾಳಕ್ಕೆ ಹೋಗಿ ಕಾಟ್ಮಂಡುವಿನ ಆಸ್ಪತ್ರೆಯನ್ನು ನೋಡಿದಾಗ, ದಾನವಾಗಿ ಬಂದ ಪೆಟ್ಟಿಗೆಗಳು ಅಲ್ಲಿ ಬರಿದಾಗಿದ್ದುವು. ಕಾರಣವೇನೆಂದರೆ, ಅಂತಹ ಶಿಶುಗಳು ಹುಟ್ಟುತ್ತಿದ್ದುದು ದೂರದ ಹಳ್ಳಿಗಳಲ್ಲಿ. ಆಸ್ಪತ್ರೆಯನ್ನು ಸೇರುವಷ್ಟು ಕಾಲ ಅವು ಬದುಕುತ್ತಿರಲಿಲ್ಲ. ಪೆಟ್ಟಿಗೆಯ ಬೆಲೆಯನ್ನು ತಗ್ಗಿಸಿದ್ದರೆ ಬರಿದಾದ ಪೆಟ್ಟಿಗೆಗಳ ಸಂಖ್ಯೆಯು ಹೆಚ್ಚುತ್ತಿತ್ತೇ ಹೊರತು ಒಂದು ಶಿಶುವೂ ಉಳಿಯುತ್ತಿರಲಿಲ್ಲ.

ಆಗ ಪ್ರಶ್ನೆಯೇ ಬದಲಾಯಿತು. ಆಸ್ಪತ್ರೆಗೆ ಪೆಟ್ಟಿಗೆಯ ಬದಲು ಹಳ್ಳಿಯ ತಾಯಿಗೆ ಒಂದು ಚೀಲವು ಬೇಕೆಂದು ನಿರ್ಣಯವಾಯಿತು. ಶಿಶುವನ್ನು ಸುತ್ತುವ ಆ ಚೀಲದಲ್ಲಿ ಮೇಣದಂತಹ ದ್ರವ್ಯದ ಹಲಗೆಯಿರುತ್ತದೆ. ಕಾಯಿಸಿ ಕರಗಿಸಿದ ಆ ದ್ರವ್ಯವು ಮತ್ತೆ ಗಟ್ಟಿಯಾಗುವವರೆಗೂ ಒಂದೇ ಹದದ ಶಾಖವನ್ನು ಬಿಡುತ್ತಿರುವುದು ಪದಾರ್ಥಧರ್ಮ. ಆ ಹದವು ಮಾನವಶರೀರದ ೩೭ ಡಿಗ್ರಿ ಸೆಲ್ಸಿಯಸ್ಸಿಗೆ ಸಮನಾಗಿರುವಂತೆ ದ್ರವ್ಯವನ್ನು ಆರಿಸಿದ್ದಾರೆ. ಒಮ್ಮೆ ಕಾಯಿಸಿದರೆ ಸುಮಾರು ನಾಲ್ಕು ಗಂಟೆ ಕಾವು ನಿಲ್ಲುತ್ತದೆ; ಎಡೆಬಿಡದ ವಿದ್ಯುತ್ತು ಬೇಕಿಲ್ಲ. ವ್ಯಾಸಂಗವು ಮುಗಿದ ಮೇಲೆ ತಂಡದವರು ಬೆಂಗಳೂರಿಗೆ ಬಂದು ನೆಲೆಸಿ ಈ ವಸ್ತುವನ್ನು ಪಕ್ವಗೊಳಿಸಿದರು. ರಜೆಯ ಅಂತೇವಾಸವು ನಿಜವಾದ ವಾಸವಾಯಿತು.

ಭಾರತದ ಹಳ್ಳಿಯೊಂದರಲ್ಲಿ ಅವರಿಗೆ ದೊರೆತ ಪಾಠವನ್ನು ಭಾಷಾಧ್ಯಾಪಕರು ವಿಶೇಷವಾಗಿ ಗಮನಿಸಬೇಕು. ಮೊದಲ ಮಾದರಿಯಲ್ಲಿ ಶಾಖವನ್ನು ಅಂಕೆಗಳಿಂದ ತೋರಿಸಿದ್ದರು. ಶಾಖವು ೩೭ಕ್ಕೆ ಏರಬೇಕೆಂದು ತಿಳಿಸಿದಾಗ ಒಬ್ಬ ತಾಯಿಯು ತಾನು ೩೦ಕ್ಕೇ ನಿಲ್ಲಿಸುವೆನೆಂದಳು. ಪಾಶ್ಚಾತ್ಯರ ಔಷಧವು ತೀಕ್ಷ್ಣವಾದುದೆಂದೂ, ವೈದ್ಯರು ಒಂದು ಚಮಚ ಕೊಡಹೇಳಿದರೆ ಕೂಸಿಗೆ ಅರ್ಧವನ್ನೇ ಕೊಡುವುದು ಕ್ಷೇಮವೆಂದೂ ಅವರ ಊರಿನಲ್ಲಿ ನಂಬಿಕೆ. ಇದು ಅಜ್ಞಾನವಲ್ಲ, ಮಗುವಿನ ಮೇಲಣ ಎಚ್ಚರ. ಆದರೆ ಆ ಎಚ್ಚರದಿಂದಲೇ ಮಗುವಿಗೆ ಅಪಾಯವು ಒದಗುತ್ತಿತ್ತು. ತಂಡದವರು ಆಕೆಗೆ ಉಪದೇಶಮಾಡುತ್ತ ಕೂರಲಿಲ್ಲ. ಅಂಕೆಗಳನ್ನೇ ತೆಗೆದುಹಾಕಿ, ಶಾಖವು ಸರಿಯಾಗಿದೆ ಅಥವಾ ಸರಿಯಾಗಿಲ್ಲ ಎಂಬೆರಡೇ ಸಂಕೇತಗಳನ್ನು ಇರಿಸಿದರು. ಶಬ್ದದ ಶಕ್ತಿಯು ಕೇಳುವವನ ಸಂಸ್ಕಾರವನ್ನು ಆಶ್ರಯಿಸಿದೆಯೆಂದು ಅಲಂಕಾರಶಾಸ್ತ್ರವು ಹೇಳುತ್ತದೆ. ಸಹೃದಯನ ಹೃದಯವನ್ನರಿಯದ ಕವಿಯ ಕಾವ್ಯವು ಕೆಡುತ್ತದೆ. ಇಲ್ಲಿ ಕೆಡುತ್ತಿದ್ದುದು ಒಂದು ಶಿಶುವಿನ ಪ್ರಾಣ.

೬. ದೋಷವಿಚಾರ

ಎರಡನೆಯ ಗುರುವನ್ನು ಮರೆತರೆ ಆಗುವುದಕ್ಕೆ ನಿದರ್ಶನವು ದಕ್ಷಿಣ ಆಫ್ರಿಕದಲ್ಲಿ ಹುಟ್ಟಿದ ‘ಪ್ಲೇಪಂಪ್’. ಇದು ವಿದ್ಯಾರ್ಥಿಗಳ ರಚನೆಯಲ್ಲ. ಆದರೂ ಧರ್ಮಾರ್ಥ ವಿನ್ಯಾಸದ ಚರ್ಚೆಗಳಲ್ಲಿ ಇದನ್ನು ಮತ್ತೆ ಮತ್ತೆ ಉದಾಹರಿಸುತ್ತಾರೆ. ಮಕ್ಕಳು ಆಡುವ ತಿರುಗುಚಕ್ರವನ್ನು ಕೊಳವೆಬಾವಿಗೆ ಜೋಡಿಸಿ, ಆಟದಿಂದಲೇ ನೀರು ಮೇಲೇರುವಂತೆ ಅದನ್ನು ಕಲ್ಪಿಸಿದ್ದರು. ನೋಟಕ್ಕೆ ರಮ್ಯವಾದ ಈ ಕಲ್ಪನೆಗೆ ೨೦೦೬ರಲ್ಲಿ ಅಮೆರಿಕದಲ್ಲಿ ೧ ಕೋಟಿ ೬೪ ಲಕ್ಷ ಡಾಲರುಗಳ ನೆರವು ಘೋಷಿತವಾಯಿತು; ೨೦೧೦ರೊಳಗೆ ೪೦೦೦ ಯಂತ್ರಗಳನ್ನು ಹೂಡುವ ಸಂಕಲ್ಪವಿತ್ತು. ಮಕ್ಕಳಾದರೋ ನೀರು ಬೇಕಾದ ಹೊತ್ತಿಗೆ ಆಡುವುದಿಲ್ಲ, ಆಡುವ ಹೊತ್ತು ಸಾಲುವುದೂ ಇಲ್ಲ. ಉದ್ದೇಶಿಸಿದಷ್ಟು ಜನರಿಗೆ ನೀರೊದಗಬೇಕಾದರೆ ಮಕ್ಕಳು ದಿನಕ್ಕೆ ೨೭ ಗಂಟೆ ಆಡಬೇಕಾಗುವುದೆಂದು ೨೦೦೯ರಲ್ಲಿ ಇಂಗ್ಲೆಂಡಿನ ಪತ್ರಿಕೆಯೊಂದು ಲೆಕ್ಕಹಾಕಿ ತೋರಿಸಿತು. ಕಡೆಗೆ ಆ ಭಾರವಾದ ಚಕ್ರವನ್ನು ತಿರುಗಿಸುವ ಕೆಲಸವು ಹೆಂಗಸರ ಪಾಲಿಗೆ ಬಂತು. ಕೆಲವೆಡೆಗಳಲ್ಲಿ ಮೊದಲಿದ್ದ ಕೈಪಂಪನ್ನು ಕಿತ್ತು ಇದನ್ನು ಹೂಡಿದ್ದರು. ಕೆಟ್ಟಾಗ ಸರಿಪಡಿಸಲು ಹೊರಗಿನವರಿಗಾಗಿ ಕಾಯಬೇಕಾಯಿತು. ಪೋರುಮಾಮಿಳ್ಳದ ಶಾಸನವು ಹೇಳಿದ ಗಡಿಯ ದೋಷವು ಇದೇ ಆಗಿದೆ.

ಇದು ಒಂದು ಯಂತ್ರದ ಕಥೆಯಷ್ಟೇ ಅಲ್ಲ. ಸಹಾರಾದ ದಕ್ಷಿಣಕ್ಕಿರುವ ಆಫ್ರಿಕದ ೨೦ ದೇಶಗಳ ಕೈಪಂಪುಗಳಲ್ಲಿ ನೂರಕ್ಕೆ ೩೬ರಷ್ಟು ಕೆಟ್ಟು ನಿಂತಿವೆಯೆಂದು ೨೦೦೯ರಲ್ಲಿ ಪ್ರಕಟವಾದ ಅಂದಾಜೊಂದು ತಿಳಿಸಿತು. ಹೊಸದನ್ನು ಕಟ್ಟುವವರಿಗೆ ಕೀರ್ತಿಯುಂಟು, ಹಳೆಯದನ್ನು ದುರಸ್ತುಮಾಡುವವರಿಗಿಲ್ಲ. ವಿಷ್ಣುಸ್ಮೃತಿಯು ಇದನ್ನು ಅರಿತೇ, ಬಾವಿ ಕೆರೆ ದೇವಾಲಯಗಳನ್ನು ಜೀರ್ಣೋದ್ಧಾರಮಾಡಿದವನಿಗೆ ಮೊದಲು ಕಟ್ಟಿಸಿದವನ ಫಲವೇ ದೊರೆಯುವುದೆಂದು ವಿಧಿಸಿತು. ಕನ್ನಡ ಶಾಸನಗಳಲ್ಲಿ ಬರುವ ಬಿತ್ತುವಟ್ಟ, ಕೆರೆಗೊಡಗೆ ಎಂಬ ದತ್ತಿಗಳೂ ಕೆರೆಯ ರಕ್ಷಣೆಗಾಗಿ ಏರ್ಪಟ್ಟುವೇ. ಪರದೇಶಕ್ಕೆ ಹೋಗುವ ಅಂತೇವಾಸಿಯ ವಿನ್ಯಾಸದಲ್ಲಿ ಇಂತಹ ಏರ್ಪಾಡಿಗೂ ಒಂದು ನಕಾಶೆಯಿರತಕ್ಕದ್ದು.

ಈ ಪದ್ಧತಿಯ ಮೇಲೆ ಇನ್ನೊಂದು ಆಕ್ಷೇಪವುಂಟು. ವಿದ್ಯಾರ್ಥಿಗಳ ಪ್ರಯಾಣಕ್ಕೆ ತಗಲುವ ಹಣವನ್ನೇ ಆ ಊರಿನ ಕುಶಲರಿಗೆ ಕೊಟ್ಟರೆ ಕೆಲಸವು ಇನ್ನೂ ಚೆನ್ನಾಗಿ ಆಗದೇ? ವಿದ್ಯಾರ್ಥಿಯು ಅನುಭವವನ್ನು ಹೊತ್ತು ಹಿಂದಿರುಗುತ್ತಾನೆ, ಗ್ರಾಮಕ್ಕೆ ಉಳಿಯುವುದೇನು? ಇದಕ್ಕೆ ಸಮಾಧಾನವು ಪೂರ್ತಿಯಾಗಿ ದೊರೆಯುವುದಿಲ್ಲ. ಬರಿಯ ಗೋಡೆಯನ್ನು ಕಟ್ಟುವುದಕ್ಕಾಗಿ ಸಮುದ್ರವನ್ನು ದಾಟಿ ಬರುವುದು ವ್ಯರ್ಥವೆಂಬುದನ್ನು ಒಪ್ಪಲೇಬೇಕು. ಸ್ಥಳದಲ್ಲಿಲ್ಲದ ಶಾಸ್ತ್ರವನ್ನು ತಂದು, ಸ್ಥಳದ ಜನರ ಕೈಯಲ್ಲಿ ಬಿಟ್ಟು ಹೋಗುವುದಾದರೆ ಮಾತ್ರ ಪ್ರಯಾಣವು ಸಾರ್ಥಕ. ಕೆಲಸದ ಫಲವು ಗುರುಗೃಹಕ್ಕೆ ಸೇರತಕ್ಕದ್ದೆಂಬ ಸ್ಮೃತಿವಾಕ್ಯದ ತಾತ್ಪರ್ಯವನ್ನು ಇಲ್ಲಿ ಹೀಗೆ ಗ್ರಹಿಸಬೇಕು.

ತಮ್ಮ ತಪ್ಪನ್ನು ತಾವೇ ಹೇಳಿಕೊಳ್ಳುವ ಸಂಪ್ರದಾಯವೂ ಈ ಕ್ಷೇತ್ರದಲ್ಲಿ ಹುಟ್ಟಿರುವುದು ಶ್ಲಾಘ್ಯವಾಗಿದೆ. ಕೆನಡಾದ ಸಂಸ್ಥೆಯು ೨೦೦೮ರಿಂದ ತನ್ನ ವೈಫಲ್ಯಗಳ ವರದಿಯನ್ನೇ ಪ್ರಕಟಿಸುವ ಕ್ರಮವನ್ನು ಆರಂಭಿಸಿತು. ದಾನಿಯಾದವನಿಗೆ ಇದು ಕಷ್ಟ. ಅವನಿಗೆ ಕೀರ್ತಿಯ ಭಂಗವುಂಟು. ಅಂತೇವಾಸಿಗೆ ಇದು ಸಹಜ; ಕಲಿಯುವವನು ತಪ್ಪುವುದು ಲೋಕರೂಢಿ.

೭. ಉಪಸಂಹಾರ

‘ಅಂತೇವಾಸಿ’ ಶಬ್ದಕ್ಕೆ ಕೋಶದಲ್ಲಿ ಮತ್ತೊಂದು ಅರ್ಥವೂ ಇದೆ. ಅಮರಸಿಂಹನು ಶಿಷ್ಯನಿಗೆ ಹೇಳಿದ ಈ ಹೆಸರನ್ನೇ ಊರ ಹೊರಗೆ ವಾಸಿಸುವ ಚಂಡಾಲನಿಗೂ ಹೇಳಿದ್ದಾನೆ. ಒಬ್ಬನು ವಿದ್ಯೆಯ ಆಸೆಯಿಂದ ಅಂಚಿನಲ್ಲಿ ನಿಂತವನು. ಇನ್ನೊಬ್ಬನು ಸಮಾಜದ ಅನ್ಯಾಯದಿಂದ ಅಂಚಿಗೆ ನೂಕಲ್ಪಟ್ಟವನು. ಕೋಶವು ಇಬ್ಬರನ್ನೂ ಒಂದೇ ಶಬ್ದದಲ್ಲಿ ಇಟ್ಟಿತಾದರೂ ಹಿಂದಿನ ವ್ಯವಸ್ಥೆಯು ಅವರನ್ನು ಒಂದೇ ಜಗಲಿಯ ಮೇಲೆ ಕೂರಿಸಲಿಲ್ಲ. ಎರಡನೆಯವನ ಬಳಿಗೆ ಮೊದಲನೆಯವನು ಹೋಗಿ ಅವನಿಂದ ಕಲಿತು ಅವನಿಗಾಗಿ ದುಡಿಯಬೇಕೆಂಬುದು ಈ ಹೊಸ ಪದ್ಧತಿಯ ಉತ್ತಮಪಕ್ಷ.

‘ಇಂಟರ್ನ್’ ಎಂಬುದಕ್ಕೆ ಕನ್ನಡದಲ್ಲಿ ‘ಅಂತೇವಾಸಿ’ ಎಂಬ ಹೆಸರು ಸಲ್ಲುವುದಾದರೆ ಅದು ಶಬ್ದಲಾಭಕ್ಕಾಗಿ ಮಾತ್ರವಲ್ಲ. ಹೋದವನು ಒಳಗಿನವನೆಂದು ಮೊದಲೇ ಹೇಳಿಕೊಳ್ಳುವುದು ಇಂಟರ್ನ್ ಶಬ್ದ. ಅಂಚಿನಲ್ಲಿ ನಿಂತು, ಅವರ ಅನ್ನವನ್ನುಂಡು, ಕಾಲವನ್ನು ತುಂಬಿಸಿ, ಒಳಕ್ಕೆ ಕರೆಯಿಸಿಕೊಳ್ಳುವುದು ಅಂತೇವಾಸಿ ಶಬ್ದ. ಪರದೇಶದ ಹಳ್ಳಿಯಲ್ಲಿ ನೀರನ್ನೋ ಕಾವನ್ನೋ ಒದಗಿಸಲು ಹೊರಟ ತರುಣನಿಗೆ ಈ ಎರಡನೆಯದೇ ಹಿತವಾದುದು.